ಕಡಿಮೆ ಖರ್ಚಿನಲ್ಲಿ ಗೊಂಬೆ ಸಂಗ್ರಹಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನವರಾತ್ರಿಗೆ ನಮ್ಮ ಮನೆಗೆ ಬಂದವರು ಗೊಂಬೆ ನೋಡಿ, ಕೋಸಂಬರಿ ತಿಂದು, ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ ಕೇಳುವ ಪ್ರಶ್ನೆಗಳು ಇವು. ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ.

ಗೊಂಬೆ ಸಂಗ್ರಹಿಸುವುದು ದುಡ್ಡಿದ್ದವರ ಹವ್ಯಾಸ ಅಲ್ವಾ?

ಅಲ್ಲ. ಒಂದೇ ಸಲಕ್ಕೆ ಬೀರು ತುಂಬಿಸಬೇಕು ಅಂತ ಹೊರಟವರಿಗೆ ಮಾತ್ರ ದುಡ್ಡು ಜಾಸ್ತಿ ಬೇಕು. ನನ್ನ ಹತ್ತಿರ ಈಗ ಸುಮಾರು 130 ಗೊಂಬೆಗಳಿವೆ. ಅಷ್ಟಾಗಲು 18 ವರ್ಷ ಹಿಡಿಯಿತು. ಅಂದರೆ ವರ್ಷಕ್ಕೆ ಏಳೆಂಟು. ಅದರಲ್ಲಿ ಅರ್ಧಕ್ಕರ್ಧ ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಚಿಕ್ಕವು. ಮೊದಲು ಕೊಂಡದ್ದು ಚನ್ನಪಟ್ಟಣದ ಗಂಡ-ಹೆಂಡತಿ ಜೋಡಿ, ಹೆಬ್ಬೆರಳಿನಷ್ಟು ಎತ್ತರ. ಇವತ್ತಿಗೂ ಮನೆಗೆ ಬಂದವರ ಕಣ್ಣು ಮೊದಲು ಹೋಗುವುದು ಅದರ ಮೇಲೇ.

ತಿಂಗಳಿಗೆ ಎಷ್ಟು ಎತ್ತಿಡಬೇಕು?

ನಾನು ಒಂದು ಹಳೇ ಹಾರ್ಲಿಕ್ಸ್ ಬಾಟಲಿಗೆ ತಿಂಗಳಿಗೆ 200 ರೂಪಾಯಿ ಹಾಕುತ್ತೇನೆ. ಶುರುವಿನಲ್ಲಿ 50 ಹಾಕುತ್ತಿದ್ದೆ. ಬಸ್ಸು, ರೈಲಿನ ಖರ್ಚೂ ಅದರಲ್ಲೇ. ಬಾಟಲಿಯಲ್ಲಿ ಇಲ್ಲದ ದುಡ್ಡಿಗೆ ಗೊಂಬೆ ಕೊಳ್ಳುವುದಿಲ್ಲ, ಸಾಲ ಮಾಡಿ ಅಂತೂ ಇಲ್ಲವೇ ಇಲ್ಲ. ಇಷ್ಟೇ ನಿಯಮ.

ಎಲ್ಲಿಂದ ಶುರು ಮಾಡಲಿ?

ನಿಮ್ಮ ಮನೆಯ ಅಟ್ಟದಿಂದ. ನಿಜವಾಗಿ ಹೇಳುತ್ತಿದ್ದೇನೆ. ಅಮ್ಮನನ್ನೋ ಅತ್ತೆಯನ್ನೋ ದೊಡ್ಡಮ್ಮನನ್ನೋ ಕೇಳಿ. ಹಳೇ ಮೈಸೂರು ಕಡೆಯ ಮನೆಗಳಲ್ಲಿ ಒಂದು ಟ್ರಂಕಿನಲ್ಲಿ ಹಳೇ ಸೀರೆಯಲ್ಲಿ ಸುತ್ತಿಟ್ಟ ನಾಲ್ಕು ಗೊಂಬೆ ಸಿಕ್ಕೇ ಸಿಗುತ್ತವೆ. ಶೆಟ್ಟಿ-ಶೆಟ್ಟಮ್ಮ ಇರಬಹುದು, ಮೂಗು ಮುರಿದ ಕೃಷ್ಣ ಇರಬಹುದು.

ಸಿಕ್ಕ ದಿನವೇ ಇನ್ನೊಂದು ಕೆಲಸ ಮಾಡಿ. 100 ಪುಟದ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಆ ಗೊಂಬೆ ಯಾರದು, ಎಲ್ಲಿಂದ ಬಂತು, ಯಾವ ವರ್ಷ, ಯಾರು ಕೊಟ್ಟರು ಅಂತ ಕೇಳಿ ಬರೆಯಿರಿ. ಒಂದು ನಂಬರ್ ಕೊಟ್ಟು ಅದೇ ನಂಬರಿನ ಚಿಕ್ಕ ಚೀಟಿಯನ್ನು ಗೊಂಬೆಯ ಪೀಠಕ್ಕೆ ದಾರದಲ್ಲಿ ಕಟ್ಟಿ. ಗೋಂದು, ಸೆಲ್ಲೋಟೇಪ್ ಬೇಡ, ಬಣ್ಣ ಕಿತ್ತು ಬರುತ್ತದೆ. ನನ್ನನ್ನು ಕೇಳಿದರೆ ಈ ಹವ್ಯಾಸದಲ್ಲಿ ಬೆಲೆ ಬಾಳುವುದು ಆ ನೋಟ್‌ಬುಕ್ಕೇ. ಅದಿಲ್ಲದಿದ್ದರೆ ನೂರು ಗೊಂಬೆ ಇದ್ದರೂ ಅದು ಅಂಗಡಿಯ ಶೋಕೇಸ್ ಇದ್ದ ಹಾಗೆ.

ಚನ್ನಪಟ್ಟಣಕ್ಕೆ ಹೋಗಿಯೇ ಕೊಳ್ಳಬೇಕಾ? ಬೆಂಗಳೂರಲ್ಲೇ ಸಿಗುತ್ತಲ್ಲ?

ಸಿಗುತ್ತದೆ. ಸರ್ಕಾರದ ಕರಕುಶಲ ಅಂಗಡಿ ಕಾವೇರಿ ಎಂಪೋರಿಯಂನಲ್ಲಿ ಒಳ್ಳೆಯವೇ ಸಿಗುತ್ತವೆ. ಆದರೂ ಒಂದು ಸಲ ಹೋಗಿ ಬನ್ನಿ. ಬೆಂಗಳೂರಿಂದ 60 ಕಿಲೋಮೀಟರ್. ಮೈಸೂರು ಪ್ಯಾಸೆಂಜರ್ ಹತ್ತಿದರೆ ಕಾಫಿ-ತಿಂಡಿಗಿಂತ ಕಡಿಮೆ ಖರ್ಚಿನಲ್ಲಿ ಹೋಗಬಹುದು. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆದ ಮೇಲೆ ಕಾರುಗಳು ಊರಿನ ಹೊರಗಿಂದಲೇ ಓಡುತ್ತವೆ. ಹಳೇ ರಸ್ತೆಯ ಗೊಂಬೆ ಅಂಗಡಿಗಳಿಗೆ ಇದರಿಂದ ದೊಡ್ಡ ಏಟು ಬಿತ್ತು. ಅದಕ್ಕೂ ಒಂದು ಸಲ ಊರೊಳಗೆ ಹೋಗಿ ಅಂತ ಹೇಳುತ್ತೇನೆ.

ಅಲ್ಲಿ ಗೊಂಬೆ ಮಾಡುವುದನ್ನು ನೋಡಬೇಕು. ನಾನು ಮೊದಲ ಸಲ ನೋಡಿದಾಗ ಊಟದ ಹೊತ್ತು ಮೀರಿದ್ದೂ ಗೊತ್ತಾಗಲಿಲ್ಲ. ಹಾಲೆ ಮರದ ತುಂಡು, ಬೆಳ್ಳಗೆ, ಹೆಚ್ಚು ಎಳೆ ಕಾಣದ ಮರ. ಅದು ಮರ ಕಡೆಯುವ ಯಂತ್ರವಾದ ಲೇತ್‌ನಲ್ಲಿ ಗರ್ರನೆ ತಿರುಗುತ್ತಿರುತ್ತದೆ. ಉಳಿ ತಾಗಿಸಿದ ಕಡೆಯಿಂದ ಈರುಳ್ಳಿ ಸಿಪ್ಪೆಯ ಹಾಗೆ ಮರ ಸುರುಳಿ ಸುರುಳಿಯಾಗಿ ಬೀಳುತ್ತದೆ. ಒಂದು ತಲೆ ಮೂಡುತ್ತದೆ, ಕುತ್ತಿಗೆ, ಹೊಟ್ಟೆ. ಆಮೇಲೆ ಬಣ್ಣ ಕಲಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟಿಕೊಳ್ಳುತ್ತದೆ. ಬೇರೆ ಬೆಂಕಿಯೇ ಬೇಡ. ಕೊನೆಗೆ ತಾಳೆಹೂವಿನ ಗರಿ, ಅಂದರೆ ಕೇದಗೆಯ ಒಣಗಿದ ಎಲೆಯನ್ನು ಅದರ ಮೇಲೆ ಎಳೆಯುತ್ತಾರೆ. ಮಂಕಾಗಿದ್ದ ಬಣ್ಣ ಒಂದೇ ಗಳಿಗೆಯಲ್ಲಿ ಒದ್ದೆ ಗಾಜಿನ ಹಾಗೆ ಹೊಳೆಯುತ್ತದೆ.

ಇದನ್ನು ಒಮ್ಮೆ ನೋಡಿದರೆ ಅಸಲಿ ಯಾವುದು ಅಂತ ತಾನಾಗಿ ತಿಳಿಯುತ್ತದೆ. ಅರಗಿನ ಬಣ್ಣ ತಿರುಗುವಾಗ ಹಚ್ಚಿದ್ದಲ್ವಾ? ಅದಕ್ಕೇ ಪಟ್ಟಿಗಳು ಗೊಂಬೆಯ ಸುತ್ತ ಬಳೆಯ ಹಾಗೆ ಒಂದೇ ಸಮನೆ ಇರುತ್ತವೆ. ಮೈಮೇಲಿನ ಬಣ್ಣದಲ್ಲಿ ಬ್ರಷ್ ಎಳೆದ ಗೆರೆ ಕಂಡರೆ ಅದು ಪೇಂಟ್. ಕಣ್ಣು, ಮೀಸೆ, ಕುಂಕುಮ ಮಾತ್ರ ಬ್ರಷ್‌ನಲ್ಲೇ ಬರೆಯುತ್ತಾರೆ, ಅದು ಸರಿ. ಅಲ್ಲಿನ ಅಂಗಡಿಗಳಲ್ಲೂ ಬೇರೆ ಕಡೆಯ ಪ್ಲಾಸ್ಟಿಕ್ ಮಾಲು ಪಕ್ಕದಲ್ಲೇ ನೇತಾಡುತ್ತಿರುತ್ತದೆ. "ಅಣ್ಣ, ಇದು ಇಲ್ಲೇ ಮಾಡಿದ್ದಾ?" ಅಂತ ಕೇಳಿ. ಕೇಳಿದರೆ ಹೇಳುತ್ತಾರೆ.

ಕಿನ್ನಾಳದ ಗೊಂಬೆ ದುಬಾರಿ ಅಂತಾರೆ. ಹೌದಾ?

ಚನ್ನಪಟ್ಟಣದ ಗೊಂಬೆಗೆ ಹೋಲಿಸಿದರೆ ಹೌದು. ಯಾಕೆ ಅಂತ ತಿಳಿದರೆ ದುಬಾರಿ ಅನ್ನಿಸುವುದಿಲ್ಲ.

ಕಿನ್ನಾಳ ಕೊಪ್ಪಳ ಜಿಲ್ಲೆಯ ಊರು. ಅಲ್ಲಿನ ಚಿತ್ರಗಾರ ಮನೆತನಗಳು ತಲೆಮಾರುಗಳಿಂದ ಈ ಕೆಲಸ ಮಾಡಿಕೊಂಡು ಬಂದಿವೆ. ಲೇತ್‌ನ ಕೆಲಸ ಇಲ್ಲಿಲ್ಲ. ಹಗುರ ಮರವನ್ನು ಕೈಯಲ್ಲಿ ಕೆತ್ತುತ್ತಾರೆ. ಕೈ, ಕಾಲು, ಕಿರೀಟ ಬೇರೆ ಬೇರೆ ಮಾಡಿ ಜೋಡಿಸುತ್ತಾರೆ. ಹುಣಸೆ ಬೀಜದ ಅಂಟು ಮತ್ತು ಮರದ ಪುಡಿ ಕಲಸಿದ ಮುದ್ದೆಯಿಂದ ಸಂದು ಮುಚ್ಚಿ, ಆಮೇಲೆ ಸರ, ಡಾಬು, ಬಳೆ ಎಲ್ಲ ಎಬ್ಬಿಸುತ್ತಾರೆ. ಮೇಲೆ ಬಿಳಿ ಲೇಪ, ಅದು ಒಣಗಿದ ಮೇಲೆ ಬಣ್ಣ. ಒಂದೊಂದು ಹಂತವೂ ಒಣಗಬೇಕು. ಮಳೆಗಾಲದಲ್ಲಿ ಕೆಲಸ ಇನ್ನೂ ನಿಧಾನ.

ಹಂಪಿ ನೋಡಲು ಹೋದವರು ಒಂದು ದಿನ ಜಾಸ್ತಿ ಇಟ್ಟುಕೊಂಡರೆ ಕಿನ್ನಾಳಕ್ಕೂ ಹೋಗಿ ಬರಬಹುದು. ದೊಡ್ಡ ಗರುಡ, ಕಾಮಧೇನು ಕೊಳ್ಳಲು ನನಗೆ ಆಗಲಿಲ್ಲ. ಗೇಣುದ್ದದ ಗೌರಮ್ಮನನ್ನು ತಂದೆ. ಅದಕ್ಕಾಗಿ ಐದು ತಿಂಗಳ ಬಾಟಲಿ ದುಡ್ಡು ಖಾಲಿಯಾಯಿತು. ಹತ್ತು ಸಾಧಾರಣ ಗೊಂಬೆಗಳ ಬದಲು ಇಂಥ ಒಂದನ್ನು ಕೊಳ್ಳುವುದೇ ಮೇಲು ಅಂತ ನನಗೆ ಅನ್ನಿಸಿದ್ದು ಆಗಲೇ.

ಪಟ್ಟದ ಗೊಂಬೆ ಇರಲೇಬೇಕಾ?

ದಸರಾಗೆ ಗೊಂಬೆ ಕೂರಿಸುವುದಾದರೆ ಇರಬೇಕು. ಮೇಲಿನ ಮೆಟ್ಟಿಲಿನಲ್ಲಿ ಕಳಶದ ಪಕ್ಕ ರಾಜ-ರಾಣಿ ಕೂತರೇ ಹಬ್ಬ. ಮದುವೆಯಲ್ಲಿ ತವರಿನವರು ಮಗಳಿಗೆ ಕೊಟ್ಟು ಕಳಿಸುವ ಪದ್ಧತಿ ಇದೆ. ಸಾಂಪ್ರದಾಯಿಕವಾಗಿ ರಕ್ತಚಂದನದ ಮರದ್ದು. ಹೊಸದು ಕೊಳ್ಳುವುದಾದರೆ ಬೇರೆ ಮರಕ್ಕೆ ಬಣ್ಣ ಹಚ್ಚಿದ್ದು ಎಷ್ಟೋ ಅಗ್ಗವಾಗಿ ಸಿಗುತ್ತದೆ. ಅದರಲ್ಲಿ ತಪ್ಪೇನಿಲ್ಲ, ಅಂಗಡಿಯವರು ರಕ್ತಚಂದನ ಅಂತ ಹೇಳಿ ಮಾರದಿದ್ದರೆ ಸರಿ.

ಗೊಂಬೆಗೆ ಸೀರೆ ಉಡಿಸುವುದಕ್ಕೆ ಒಂದು ಪೈಸೆ ಖರ್ಚಿಲ್ಲ. ಟೈಲರ್ ಅಂಗಡಿಯಲ್ಲಿ ರೇಷ್ಮೆ ರವಿಕೆ ಹೊಲಿದು ಉಳಿದ ಚೂರು ಕೇಳಿದರೆ ಸುಮ್ನೆ ಕೊಡುತ್ತಾರೆ. ನಮ್ಮ ರಾಣಿ ಈಗ ಉಟ್ಟಿರುವುದು ನನ್ನ ತಂಗಿಯ ಧಾರೆ ರವಿಕೆಯ ಚೂರು. ಆ ಮಾತೂ ನೋಟ್‌ಬುಕ್‌ನಲ್ಲಿದೆ.

ದಸರಾ ಮಣ್ಣಿನ ಗೊಂಬೆ ಯಾವಾಗ ಕೊಂಡರೆ ಅಗ್ಗ?

ಹಬ್ಬ ಮುಗಿದ ಮಾರನೇ ವಾರ. ನವರಾತ್ರಿಗೆ ಮುಂಚೆ ಮಲ್ಲೇಶ್ವರ, ಗಾಂಧಿ ಬಜಾರ್, ಜಯನಗರ ಎಲ್ಲ ಕಡೆ ಅಂಗಡಿ ತುಂಬಿರುತ್ತದೆ, ಬೆಲೆಯೂ ಏರಿರುತ್ತದೆ. ಉಳಿದ ಮಾಲನ್ನು ಮುಂದಿನ ವರ್ಷದವರೆಗೆ ಇಟ್ಟುಕೊಳ್ಳುವುದು ಅಂಗಡಿಯವರಿಗೂ ಕಷ್ಟ. ಆಗ ಹೋದರೆ ದರ ಇಳಿದಿರುತ್ತದೆ. ಆದರೆ ದಶಾವತಾರದಂಥ ಸೆಟ್‌ಗಳಲ್ಲಿ ಒಂದೆರಡು ಕಡಿಮೆ ಇರುತ್ತವೆ. ಎಣಿಸಿ ತೆಗೆದುಕೊಳ್ಳಿ. ಕಾರ್ತಿಕದ ಕೊನೇ ಸೋಮವಾರದ ಹೊತ್ತಿಗೆ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆಯಲ್ಲೂ ಹುಡುಕಿ. ಚಿಕ್ಕ ಮಣ್ಣಿನ ಸಾಮಾನು ಅಲ್ಲಿ ಚೆನ್ನಾಗಿ ಸಿಗುತ್ತದೆ.

ಕೊಳ್ಳುವಾಗ ಗೊಂಬೆಯನ್ನು ತಿರುಗಿಸಿ ತಳ ನೋಡಿ. ಮಣ್ಣೋ ಪ್ಲಾಸ್ಟರೋ ಅಲ್ಲಿ ತಿಳಿಯುತ್ತದೆ. ಪ್ಲಾಸ್ಟರ್ ಬೆಳ್ಳಗೆ ಸುಣ್ಣದ ಹಾಗಿರುತ್ತದೆ. ಕುತ್ತಿಗೆ, ಮಣಿಕಟ್ಟು, ಬೆರಳಿನ ಸಂದಿಯಲ್ಲಿ ಕೂದಲೆಳೆಯ ಬಿರುಕು ಇದೆಯಾ ಅಂತ ಬೆಳಕಿಗೆ ಹಿಡಿದು ನೋಡಿ.

ಬೇರೆ ರಾಜ್ಯದ ಗೊಂಬೆಗಳಲ್ಲಿ ಕಡಿಮೆ ಖರ್ಚಿಗೆ ಯಾವುದು ಒಳ್ಳೆಯದು?

ಮೊದಲು ತಂಜಾವೂರಿನ ತಲೆಯಾಡಿಸುವ ಗೊಂಬೆ. ಇದರಲ್ಲಿ ಎರಡು ಬಗೆ. ಒಂದು ರಾಜ-ರಾಣಿ. ಬುಡ ದುಂಡಗೆ, ಭಾರ. ಎಷ್ಟು ತಳ್ಳಿದರೂ ಎದ್ದು ಕೂರುತ್ತದೆ. ಇನ್ನೊಂದು ನರ್ತಕಿ. ತಲೆ, ಮೈ, ಲಂಗ ಬೇರೆ ಬೇರೆ, ಒಂದರ ಮೇಲೊಂದು ತೂಗುತ್ತವೆ. ಫ್ಯಾನ್ ಗಾಳಿಗೂ ಸೊಂಟ ಬಳುಕಿಸುತ್ತದೆ.

ವಿಜಯವಾಡದ ಹತ್ತಿರದ ಕೊಂಡಪಲ್ಲಿ ಗೊಂಬೆಯೂ ಚೆನ್ನ. ತೆಲ್ಲ ಪೊನಿಕಿ ಅನ್ನುವ ಬಹಳ ಹಗುರ ಮರ. ಕೈಯಲ್ಲಿ ಹಿಡಿದರೆ ಒಳಗೆ ಏನೂ ಇಲ್ಲವೇನೋ ಅನ್ನಿಸುತ್ತದೆ. ಕಿನ್ನಾಳದಂತೆ ಇಲ್ಲೂ ಹುಣಸೆ ಬೀಜ ಮತ್ತು ಮರದ ಪುಡಿಯ ಮುದ್ದೆ ಬಳಸುತ್ತಾರೆ. ಪೂರ್ತಿ ಅಂಬಾರಿ ದುಬಾರಿ. ಬೀಸುವವಳು, ಕುಟ್ಟುವವಳು, ಬುಟ್ಟಿ ಹೆಣೆಯುವವನು ಇಂಥ ಬಿಡಿ ಗೊಂಬೆ ಕೊಳ್ಳಿ, ನಿಧಾನವಾಗಿ ಒಂದು ಹಳ್ಳಿಯೇ ಆಗುತ್ತದೆ.

ವಿಶಾಖಪಟ್ಟಣದ ಕಡೆಯ ಏಟಿಕೊಪ್ಪಾಕದ್ದು ಚನ್ನಪಟ್ಟಣದ ಅಕ್ಕ-ತಂಗಿ ಇದ್ದ ಹಾಗೆ. ಅದೇ ಹಾಲೆ ಮರ, ಅದೇ ಅರಗು. ತೆಲುಗಿನಲ್ಲಿ ಆ ಮರಕ್ಕೆ ಅಂಕುಡು ಅನ್ನುತ್ತಾರೆ. ಬಣ್ಣ ಮಾತ್ರ ಸ್ವಲ್ಪ ಮೆಲ್ಲಗೆ, ಮಣ್ಣಿನ ಕಡೆಗೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವುದು ನನಗೆ ಬಹಳ ಇಷ್ಟ. ಬೆಳಗಾವಿಯವರಿಗೆ ಸಾವಂತವಾಡಿ ಹತ್ತಿರ. ಅಲ್ಲಿನ ಮರದ ಹಣ್ಣು-ತರಕಾರಿ ಚೆನ್ನ. ಹಾಗೆ ನೋಡಿದರೆ ನಮ್ಮ ಗೋಕಾಕದಲ್ಲೂ ಆ ಕೆಲಸ ಇದೆ, ಮೊದಲು ಅದನ್ನೇ ಕೊಳ್ಳಿ.

ಚೌಕಾಸಿ ಮಾಡಬಹುದಾ?

ಅಂಗಡಿಯಲ್ಲಿ ಮಾಡಿ. ಮಾಡಿದವರ ಮನೆ ಬಾಗಿಲಲ್ಲಿ ಮಾಡಬೇಡಿ. ದುಡ್ಡು ಸಾಲದಿದ್ದರೆ "ಇಷ್ಟರೊಳಗೆ ಏನಿದೆ ಅಮ್ಮ?" ಅಂತ ಕೇಳಿ. ಚಿಕ್ಕದೊಂದನ್ನು ತೆಗೆದು ತೋರಿಸುತ್ತಾರೆ. ಬಣ್ಣ ಸ್ವಲ್ಪ ಹೆಚ್ಚುಕಮ್ಮಿಯಾದ ಎರಡನೇ ದರ್ಜೆ ಗೊಂಬೆ ಇದೆಯಾ ಅಂತಲೂ ಕೇಳಬಹುದು. ನನ್ನ ಹತ್ತಿರದ ಒಂದು ಚನ್ನಪಟ್ಟಣದ ಪೊಲೀಸಪ್ಪನಿಗೆ ಒಂದು ಕಡೆ ಮೀಸೆ ಉದ್ದ. ಅರ್ಧ ಬೆಲೆಗೆ ಬಂತು. ಅದನ್ನು ಇನ್ನೊಂದಕ್ಕೆ ಬದಲಾಯಿಸಿಕೊಳ್ಳಲು ನಾನು ಒಪ್ಪುವುದಿಲ್ಲ.

ಆನ್‌ಲೈನ್‌ನಲ್ಲಿ ಕೊಳ್ಳಬಹುದಾ?

ಮರದ್ದು, ಕಾಗದದ ಮುದ್ದೆಯದು ಕೊಳ್ಳಬಹುದು. ಅಳತೆಯನ್ನು ಸೆಂಟಿಮೀಟರ್‌ನಲ್ಲಿ ನೋಡಿ. ಬರೀ ಫೋಟೋ ನೋಡಿ ಮೋಸ ಹೋಗುವವರೇ ಜಾಸ್ತಿ. ಮಣ್ಣಿನದು ಬೇಡ. ಒಮ್ಮೆ ನಾನು ತರಿಸಿದ ಮಣ್ಣಿನ ಸರಸ್ವತಿಯ ವೀಣೆ ಒಂದು ಕಡೆ, ಕೈ ಒಂದು ಕಡೆ ಆಗಿ ಬಂತು. ದುಡ್ಡು ವಾಪಸ್ ಬಂತು, ಬೇಜಾರು ಹೋಗಲಿಲ್ಲ.

ಬಾಡಿಗೆ ಮನೆ. ಜಾಗ ಇಲ್ಲ. ಏನು ಮಾಡುವುದು?

ಎರಡು ಅಡಿ ಉದ್ದದ ಒಂದು ಶೆಲ್ಫ್ ಸಾಕು. ಎಲ್ಲವನ್ನೂ ಒಟ್ಟಿಗೆ ಇಡಬೇಡಿ. ನಾನು ತಿಂಗಳಿಗೆ ಹತ್ತು ಗೊಂಬೆ ಹೊರಗಿಟ್ಟು ಉಳಿದದ್ದನ್ನು ಪೆಟ್ಟಿಗೆಯಲ್ಲಿ ಇಡುತ್ತೇನೆ. ಒಂದನೇ ತಾರೀಕು ಬದಲಾಯಿಸುತ್ತೇನೆ. ಮಕ್ಕಳು ಆ ದಿನಕ್ಕೇ ಕಾಯುತ್ತಾರೆ. ಕಿಟಕಿಯ ನೇರ ಬಿಸಿಲು ಬೀಳುವ ಕಡೆ ಮಾತ್ರ ಇಡಬೇಡಿ. ಒಂದೇ ಬೇಸಿಗೆಯಲ್ಲಿ ಕೆಂಪು ಬಣ್ಣ ತಿಳಿಯಾಗಿಬಿಡುತ್ತದೆ. ಒಲೆ, ಟಿವಿ, ಇನ್ವರ್ಟರ್ ಪಕ್ಕವೂ ಬೇಡ, ಬಿಸಿಗೆ ಅರಗು ಮೆತ್ತಗಾಗುತ್ತದೆ.

ಹೇಗೆ ಒರೆಸಬೇಕು, ಹೇಗೆ ಎತ್ತಿಡಬೇಕು?

ಒಣ ಬಟ್ಟೆ, ಮೆತ್ತನೆ ಬ್ರಷ್. ಸಂದಿಗೊಂದಿಗೆ ಹೊಸ ಮೇಕಪ್ ಬ್ರಷ್ ಚೆನ್ನಾಗಿ ಆಗುತ್ತದೆ. ಮಣ್ಣಿನ ಗೊಂಬೆಗೆ ನೀರು ತಾಗಿಸಲೇಬೇಡಿ.

ಚನ್ನಪಟ್ಟಣದ ಗೊಂಬೆಗೆ ಸ್ಯಾನಿಟೈಸರ್, ಸೆಂಟ್, ಸ್ಪಿರಿಟ್ ಯಾವುದೂ ಬೇಡ. ಇದನ್ನು ನಾನು ಕಷ್ಟಪಟ್ಟು ಕಲಿತೆ. 2020ರಲ್ಲಿ ಎಲ್ಲ ಸಾಮಾನು ಒರೆಸುವ ಹೊತ್ತಿನಲ್ಲಿ ಒಂದು ಹಳದಿ ಬಾತುಕೋಳಿಯನ್ನೂ ಸ್ಯಾನಿಟೈಸರ್‌ನಲ್ಲಿ ಒರೆಸಿದೆ. ಹತ್ತಿಯ ತುಂಬ ಹಳದಿ. ಬಾತುಕೋಳಿಯ ಬೆನ್ನು ಅಂಟಂಟಾಗಿ, ನನ್ನ ಬೆರಳಚ್ಚು ಅದರ ಮೇಲೆ ಮೂಡಿ ಹಾಗೇ ಒಣಗಿತು. ಅರಗು ಆಲ್ಕೋಹಾಲ್‌ನಲ್ಲಿ ಕರಗುತ್ತದೆ, ಅಷ್ಟೇ ವಿಷಯ. ಗೊತ್ತಿದ್ದರೆ ಹಾಗೆ ಮಾಡುತ್ತಿರಲಿಲ್ಲ.

ಸುತ್ತಿಡಲು ಒಗೆದು ಒಣಗಿಸಿದ ಹಳೇ ಹತ್ತಿ ಸೀರೆ, ಪಂಚೆ ಬಳಸಿ. ನ್ಯೂಸ್‌ಪೇಪರ್ ನೇರವಾಗಿ ಸುತ್ತಬೇಡಿ, ಮಸಿ ಹತ್ತುತ್ತದೆ. ಮೂಗು, ಬೆರಳು ಇರುವ ಕಡೆ ಮೊದಲು ಹತ್ತಿ ಇಟ್ಟು ಆಮೇಲೆ ಸುತ್ತಿ. ಭಾರದ್ದು ಕೆಳಗೆ, ಹಗುರದ್ದು ಮೇಲೆ. ಒಣಗಿದ ಬೇವಿನ ಎಲೆ, ನಾಲ್ಕು ಲವಂಗ ಒಂದು ಬಟ್ಟೆ ಚೂರಿನಲ್ಲಿ ಕಟ್ಟಿ ಮೂಲೆಗೆ ಇಡಿ. ನುಸಿಗುಳಿಗೆ ಬೇಡ, ಪ್ಲಾಸ್ಟಿಕ್ ಗೊಂಬೆ ಇದ್ದರೆ ಅಂಟಿಕೊಂಡು ಹಾಳಾಗುತ್ತದೆ. ಮರದ ಗೊಂಬೆಯ ಕೆಳಗೆ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಹುಳ ಹೊಕ್ಕಿದೆ ಅಂತ ಅರ್ಥ. ಆ ದಿನವೇ ಅದನ್ನು ಬೇರೆ ಮಾಡಿ, ಕವರಿನಲ್ಲಿ ಬಿಗಿಯಾಗಿ ಕಟ್ಟಿ. ಇಲ್ಲದಿದ್ದರೆ ಪಕ್ಕದ್ದಕ್ಕೂ ಹೋಗುತ್ತದೆ.

ಮಕ್ಕಳ ಕೈಗೆ ಕೊಡಬಹುದಾ?

ಮುಟ್ಟಬಾರದು ಅಂದ ಗೊಂಬೆಯ ಮೇಲೆ ಮಕ್ಕಳಿಗೆ ಪ್ರೀತಿ ಹುಟ್ಟುವುದಿಲ್ಲ. ಹತ್ತು ಗಟ್ಟಿ ಮರದ ಗೊಂಬೆ ಅವರ ಪಾಲಿಗೆ ಬಿಟ್ಟಿದ್ದೇನೆ. ಬಾಯಿಗೆ ಹಾಕುವ ವಯಸ್ಸಿನ ಮಗು ಇದ್ದರೆ ಕಳಚಿ ಬರುವ ಚಿಕ್ಕ ಭಾಗ ಇರುವುದನ್ನು ಕೊಡಬೇಡಿ. ಚನ್ನಪಟ್ಟಣದ್ದು ಅಂದಮಾತ್ರಕ್ಕೆ ಎಲ್ಲವೂ ಅರಿಶಿನ-ನೀಲಿಯ ಗಿಡಮೂಲದ ಬಣ್ಣ ಅಲ್ಲ. ಕೇಳಿ ಕೊಳ್ಳಿ.

ಬಾರ್ಬಿ, ಕೀಚೈನ್ ಗೊಂಬೆ, ಪ್ಲಾಸ್ಟಿಕ್ ಗೊಂಬೆ ಸೇರಿಸಬಹುದಾ?

ಸೇರಿಸಿ. ನಿಮ್ಮ ಸಂಗ್ರಹ, ನಿಮ್ಮಿಷ್ಟ. ನೋಟ್‌ಬುಕ್‌ನಲ್ಲಿ ಒಂದು ಸಾಲು ಬರೆಯುವಷ್ಟು ಮಾತು ಅದರ ಬಗ್ಗೆ ಇದ್ದರೆ ಸಾಕು.

ಮುಂದೆ ಬೆಲೆ ಬರುತ್ತಾ?

ಆ ಲೆಕ್ಕದಲ್ಲಿ ಕೊಳ್ಳಬೇಡಿ.

ಮುರಿದ ಗೊಂಬೆ ಮನೆಯಲ್ಲಿ ಇಡಬಾರದು ಅಂತಾರಲ್ಲ?

ಪೂಜೆಗೆ ಇಡುವುದಿಲ್ಲ. ನಮ್ಮ ಮನೆಯಲ್ಲೂ ಇಡುವುದಿಲ್ಲ. ಆದರೆ ಹೊರಗೆ ಎಸೆಯುವುದೂ ಇಲ್ಲ. ಮರದ್ದು ಅಂಟಿಸಿದರೆ ಆಗುತ್ತದೆ. ಮಣ್ಣಿನ ಶೆಟ್ಟಿ, ಬಳೆಗಾರ, ಹಾವಾಡಿಗ ಇಂಥವು ದೇವರ ಗೊಂಬೆಗಳಲ್ಲವಲ್ಲ, ಅಂಟಿಸಿ ಇಟ್ಟುಕೊಂಡಿದ್ದೇನೆ. ಹಳೇ ಗೊಂಬೆಗೆ ಹೊಸ ಪೇಂಟ್ ಬಳಿಯಬೇಡಿ ಅಂತ ಮಾತ್ರ ಕೈಮುಗಿದು ಕೇಳಿಕೊಳ್ಳುತ್ತೇನೆ. ಒಂದು ಅಂಗಡಿಯವರಿಗೆ ನಮ್ಮ ಅಜ್ಜಿಯ ಕಾಲದ ಗೌರಿಯನ್ನು "ಸ್ವಲ್ಪ ಸರಿಮಾಡಿ" ಅಂತ ಕೊಟ್ಟಿದ್ದೆವು. ಹೊಳೆಯುವ ಗುಲಾಬಿ ಎನಾಮಲ್ ಹಚ್ಚಿ ಕೊಟ್ಟರು. ಅರ್ಧ ಮುಚ್ಚಿದ ಆ ಹಳೇ ಕಣ್ಣು ಅದರ ಕೆಳಗೆ ಹೋಯಿತು.

ವಿದೇಶದಲ್ಲಿದ್ದೇವೆ. ಏನು ಒಯ್ಯಬಹುದು?

ಚನ್ನಪಟ್ಟಣದ್ದು, ಕಾಗದದ ಮುದ್ದೆಯದು. ಎರಡೂ ಸೂಟ್‌ಕೇಸಿಗೆ ಹಗುರ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗೆ ಹೋಗುವವರು ಮರದ ಸಾಮಾನು ಇದೆ ಅಂತ ವಿಮಾನ ನಿಲ್ದಾಣದಲ್ಲಿ ಬರೆದು ಹೇಳಲೇಬೇಕು. ಹುಳ ತಿಂದ ಗುರುತು ಇರುವುದನ್ನು ಒಯ್ಯಬೇಡಿ. ರಕ್ತಚಂದನದ ಪಟ್ಟದ ಗೊಂಬೆಗೆ ನಿಯಮ ಬಿಗಿ ಇದೆ, ಮೊದಲೇ ವಿಚಾರಿಸಿ, ಕೊಂಡ ಬಿಲ್ ಜೊತೆಗಿರಲಿ.

ದುಡ್ಡು ಕೊಡದೆ ಬರೀ ನೋಡಿ ಕಲಿಯಲು ಎಲ್ಲಿಗೆ ಹೋಗಬೇಕು?

ಮೈಸೂರಿನ ಮೃಗಾಲಯದ ಎದುರು ದಸರಾ ಹೊತ್ತಿಗೆ ‘ಬೊಂಬೆ ಮನೆ’ ಪ್ರದರ್ಶನ ನಡೆಯುತ್ತದೆ. ನಾಲ್ಕಾರು ರಾಜ್ಯದ ಗೊಂಬೆ ಒಂದೇ ಸೂರಿನಡಿ ನೋಡಬಹುದು. ತೊಗಲುಗೊಂಬೆಗೆ ರಾಮನಗರದ ಜಾನಪದ ಲೋಕ. ಚನ್ನಪಟ್ಟಣಕ್ಕೆ ಹೋಗುವ ದಾರಿಯಲ್ಲೇ ಇದೆ, ಟಿಕೆಟ್ ದುಡ್ಡು ಕೊಟ್ಟರೂ ನಷ್ಟವಿಲ್ಲ. ದೆಹಲಿಗೆ ಹೋದರೆ 1965ರಲ್ಲಿ ಶುರುವಾದ ಶಂಕರ್ ಅಂತರರಾಷ್ಟ್ರೀಯ ಗೊಂಬೆ ಮ್ಯೂಸಿಯಂ ನೋಡಿ. ವ್ಯಂಗ್ಯಚಿತ್ರಕಾರ ಶಂಕರ್ ಅವರಿಗೆ ಹಂಗೇರಿಯ ರಾಯಭಾರಿ ಒಂದು ಗೊಂಬೆ ಕೊಟ್ಟರಂತೆ, ಮಕ್ಕಳ ಸ್ಪರ್ಧೆಯಲ್ಲಿ ಬಹುಮಾನ ಕೊಡಲು. ಅಲ್ಲಿಂದ ಅವರಿಗೆ ಗೊಂಬೆಯ ಆಸೆ ಹತ್ತಿತು. ಈಗ ಅಲ್ಲಿ ಸಾವಿರಗಟ್ಟಲೆ ಗೊಂಬೆಗಳಿವೆ. ಶುರುವಾದದ್ದು ಒಂದರಿಂದ.

ಇಷ್ಟು ದೂರ ಹೋಗಲು ಆಗದವರು ನವರಾತ್ರಿಯಲ್ಲಿ ಬೀದಿಯ ಮಕ್ಕಳ ಜೊತೆ ಹೊರಡಿ. "ಗೊಂಬೆ ಕೂರಿಸಿದ್ದೀರಾ?" ಅಂತ ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಬೊಂಬೆ ಬಾಗಿನವೂ ಸಿಗುತ್ತದೆ.

ಮನೆಯಲ್ಲಿ ಯಾರಿಗೂ ಆಸಕ್ತಿ ಇಲ್ಲ. ನನ್ನ ನಂತರ ಇವೆಲ್ಲ ಏನಾಗುತ್ತವೆ?

ಈ ಪ್ರಶ್ನೆ ಕೇಳುವವರು ಬಾಗಿಲಲ್ಲಿ ಸ್ವಲ್ಪ ಹೊತ್ತು ಜಾಸ್ತಿ ನಿಲ್ಲುತ್ತಾರೆ.

ನಮ್ಮ ಸೋದರತ್ತೆ ತೀರಿಕೊಂಡ ಮೇಲೆ ಅವರ ಟ್ರಂಕ್ ನಮ್ಮ ಮನೆಗೆ ಬಂತು. 22 ಗೊಂಬೆ. ಒಂದರ ಬಗ್ಗೆಯೂ ಯಾರಿಗೂ ಏನೂ ತಿಳಿಯದು. ಒಂದು ಪುಟ್ಟ ಮರದ ಕುದುರೆಯ ಕೊರಳಲ್ಲಿ ಮಾತ್ರ ಕಪ್ಪು ದಾರ ಕಟ್ಟಿತ್ತು, ದೃಷ್ಟಿಗೆ ಕಟ್ಟುವ ಹಾಗೆ. ಯಾರ ಕುದುರೆ, ಯಾಕೆ ಕಟ್ಟಿದರು, ಕೇಳಲು ಈಗ ಯಾರೂ ಉಳಿದಿಲ್ಲ. ನಾನು ನೋಟ್‌ಬುಕ್ ಶುರು ಮಾಡಿದ್ದು ಆ ವಾರ.

ಈಗ ವರ್ಷಕ್ಕೆ ಎರಡು ಮೂರು ಗೊಂಬೆಯನ್ನು ಬದುಕಿರುವಾಗಲೇ ಕೊಡುತ್ತಾ ಬಂದಿದ್ದೇನೆ. ನಾಮಕರಣಕ್ಕೆ, ಗೃಹಪ್ರವೇಶಕ್ಕೆ, ಪಕ್ಕದ ಮನೆ ಹುಡುಗಿ ಹಾಸ್ಟೆಲ್‌ಗೆ ಹೊರಟಾಗ. ನೋಟ್‌ಬುಕ್‌ನಲ್ಲಿರುವುದನ್ನು ಒಂದು ಕಾಗದಕ್ಕೆ ಇಳಿಸಿ ಗೊಂಬೆಯ ಜೊತೆಗೇ ಕೊಡುತ್ತೇನೆ. ಕೆಳಗೆ ಎರಡು ಸಾಲು ಖಾಲಿ ಬಿಟ್ಟಿರುತ್ತೇನೆ, ಅವರು ಬರೆಯಲಿ ಅಂತ. ಹಾಸ್ಟೆಲ್ ಹುಡುಗಿ ಹೋದ ತಿಂಗಳು ಫೋಟೋ ಕಳಿಸಿದ್ದಳು. ಓದುವ ಮೇಜಿನ ಮೇಲೆ ತಂಜಾವೂರಿನ ನರ್ತಕಿ, ಪಕ್ಕದಲ್ಲಿ ಆ ಕಾಗದ. ಒಂದು ಸಾಲು ತುಂಬಿದೆ: "ನನ್ನ ರೂಮ್‌ಮೇಟ್ ಅತ್ತಾಗ ಇದರ ತಲೆ ತಟ್ಟಿ ನಗಿಸಿದೆವು, ಮೊದಲ ಸೆಮಿಸ್ಟರ್."